ಹತ್ತು ಸರಪಳಿಗೆ ಮೂರಡಿ

ಗಯಾಸುದ್ದೀನ್ ಮಾಡಿದ ಬಾಗಿಲು ಮಳೆಗಾಲದಲ್ಲೂ ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲ. ಹಲಗೆಗೂ ಚೌಕಟ್ಟಿಗೂ ನಡುವೆ ಒಂದು ನೂಲು ಸಂದು ಬಿಡುತ್ತಾನೆ. ನೂಲೆಂದರೆ ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೆಯ ಒಂದು ಪಾಲು. ಹೊಸ ಗಿರಾಕಿಗಳು ಆ ಸಂದು ನೋಡಿ ಮುಖ ಸಿಂಡರಿಸುತ್ತಾರೆ. "ಮರ ಉಬ್ಬಕ್ಕೆ ಜಾಗ ಬೇಕಲ್ವಾ ಸ್ವಾಮಿ" ಎಂದಷ್ಟೇ ಹೇಳಿ ಅವನು ಮತ್ತೆ ಉಜ್ಜುಗೊರಡು ಹಿಡಿಯುತ್ತಾನೆ. ಒಂದು ನೂಲಿನ ಜಾಗದಲ್ಲಿ ಎರಡು ನೂಲು ಬಿಟ್ಟಿದ್ದನ್ನು ನಾನು ಕಂಡಿಲ್ಲ.

ಅವನ ಮರಗೆಲಸದ ಕೊಟ್ಟಿಗೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಹುಣಸೂರಿನ ಈ ಬೀದಿಗೆ ಬಂದು ನನಗೆ ಐವತ್ತು ವರ್ಷವಾಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಜಮೀನು ಅಳೆಯುವವರ ಹಿಂದೆ ಸರಪಳಿ ಹಿಡಿಯುವ ಆಳಾಗಿ ಸೇರಿಕೊಂಡು, ಮೂವತ್ತಾರು ವರ್ಷ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆಯ ಹೊಲಗದ್ದೆಗಳಲ್ಲಿ ನಡೆದೆ. ಈಗ ನಡೆಯುವ ಕೆಲಸವಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ಗಯಾಸುದ್ದೀನನ ಹಲಗೆಗಳ ಮೇಲೆ ಹೋಗಿ ಕೂರುತ್ತೇನೆ. ತೇಗದ ಹೊಟ್ಟಿನ ವಾಸನೆ ನನಗೆ ಹಿತ.

ಅವನ ಮಗಳು ಇಕ್ರಾ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿದವಳು. ಕೊಟ್ಟಿಗೆಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೈಸೂರಿನ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತಿದ್ದಳು. ಆ ಕಂಪನಿಯವರು ಜಮೀನು ಅಳೆಯುವ ಕೈಯಂತ್ರವೊಂದನ್ನು ಮಾಡುತ್ತಿದ್ದರು. ಅದರೊಳಗೆ ನಡೆಯುವ ಗಣಿತವನ್ನು ಬರೆಯುವುದು, ಬರೆದದ್ದು ಸರಿಯಿದೆಯೇ ಎಂದು ಪರೀಕ್ಷೆ ಮಾಡಿ ತೋರಿಸುವುದು ಇವಳ ಪಾಲಿಗೆ ಬಂದಿತ್ತು. ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದಿದ್ದರು. ಜೊತೆಯಲ್ಲಿ ಸೇರಿದವರೆಲ್ಲ ಇಂಜಿನಿಯರಿಂಗ್ ಓದಿದವರು, ಡಿಪ್ಲೊಮಾದವಳು ಇವಳೊಬ್ಬಳೇ. ಬರುವ ಶನಿವಾರ ಕೆಲಸ ಒಪ್ಪಿಸಬೇಕು. ಒಪ್ಪಿಗೆಯಾದರೆ ಇದೇ ಕೋಣೆಯಲ್ಲಿ ಕೂತು ಸಂಬಳ ತೆಗೆದುಕೊಳ್ಳಬಹುದು. ಆಗದಿದ್ದರೆ ಅಲ್ಲಿಗೆ ಮುಗಿಯಿತು.

ಆ ವಾರದ ಸೋಮವಾರ ಅವಳು ತಲೆ ಕೆರೆದುಕೊಳ್ಳುತ್ತಾ ಹೊರಗೆ ಬಂದಳು.

"ತಾತ, ರೈತರು ಗುಂಟೆ ಆಣೆ ಲೆಕ್ಕಾನೇ ಕೇಳ್ತಾರಂತೆ. ಯಂತ್ರದಲ್ಲೂ ಹಂಗೇ ತೋರಿಸ್ಬೇಕಂತೆ. ಒಂದು ಗುಂಟೆಗೆ ಎಷ್ಟು ಆಣೆ?"

"ಹದಿನಾರು ಕಣವ್ವ. ನಮ್ಮ ಸರಪಳಿ ಮೂವತ್ಮೂರು ಅಡಿ. ಅದ್ರಲ್ಲಿ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಅದೇ ಒಂದು ಗುಂಟೆ."

"ಹದಿನಾರೇ ಯಾಕೆ? ಹತ್ತು ಮಾಡಿದ್ರೆ ಸುಲಭ ಆಗ್ತಿರಲಿಲ್ವಾ?"

ಗಯಾಸುದ್ದೀನನ ಗೆರೆ ಹೊಡೆಯುವ ದಾರ ಪಕ್ಕದಲ್ಲೇ ಇತ್ತು. ತೆಗೆದುಕೊಂಡು ಒಂದು ಮಾರು ಉದ್ದ ಹಿಡಿದು ಮಡಚಿದೆ.

"ನೋಡು, ಇದು ಅರೆ. ಇನ್ನೊಂದು ಸಲ ಮಡಚು, ಕಾಲು. ಇನ್ನೊಂದು ಸಲ, ಅರೆಕಾಲು. ಇನ್ನೊಂದು ಸಲ, ವೀಸ. ನಾಕು ಮಡಿಕೆಗೆ ಹದಿನಾರು ಬಂತು. ಈಗ ನೀನು ಇದೇ ದಾರ ಮಡಚಿ ಹತ್ತು ಪಾಲು ಮಾಡಿ ಕೊಡು."

ಅವಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ದಾರ ನನ್ನ ಕೈಗೆ ವಾಪಸು ಕೊಟ್ಟಳು.

"ತಾತ, ನನ್ನ ಕಂಪ್ಯೂಟರೂ ಇದನ್ನೇ ಮಾಡೋದು. ಅದಕ್ಕೆ ಗೊತ್ತಿರೋದು ಮಡಚೋದೊಂದೇ. ಅರೆ, ಕಾಲು, ಅರೆಕಾಲು, ಹಂಗೇ ಕೆಳಗೆ ಐವತ್ತು ಸಲ ಮಡಚುತ್ತೆ. ಹತ್ತನೇ ಒಂದು ಪಾಲು ಅಂದ್ರೆ ಹತ್ತಿರ ಹತ್ತಿರ ಹೋಗುತ್ತೆ, ಸರಿಯಾಗಿ ಅಲ್ಲಿಗೇ ಹೋಗಿ ನಿಲ್ಲಲ್ಲ. ಅದಕ್ಕೇ ಹತ್ತನೇ ಒಂದನ್ನ ಹತ್ತು ಸಲ ಕೂಡಿದ್ರೆ ಒಂದು ಬರಲ್ಲ. ಕೂದಲೆಳೆಗಿಂತ ಕಮ್ಮಿ ಒಂದು ಚೂರು ಕಡಿಮೆ ಬರುತ್ತೆ. ಸರಿಯಾಗಿ ಒಂದೇ ಬರಬೇಕು ಅಂತ ನಾನು ಯಂತ್ರಕ್ಕೆ ಪರೀಕ್ಷೆ ಇಟ್ಟಿದ್ದೆ. ಎಲ್ಲಾ ಕೆಂಪು."

"ಅರವತ್ತು ಸಾವಿರದ ಡಬ್ಬ" ಎಂದ ಗಯಾಸುದ್ದೀನ್, ಗೊರಡು ನಿಲ್ಲಿಸದೆ. "ಹತ್ತು ಎಣಿಸೋಕೆ ಬರಲ್ವಂತೆ."

ಅವಳ ಪರೀಕ್ಷೆಯ ಪರದೆಯನ್ನು ಅವತ್ತು ನನಗೂ ತೋರಿಸಿದಳು. ಮುನ್ನೂರು ಚಿಲ್ಲರೆ ಸಾಲುಗಳಿದ್ದವು. ಸರಿ ಬಂದದ್ದಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು. ಯಂತ್ರದ ಉತ್ತರವನ್ನು ದೊಡ್ಡ ಕಂಪ್ಯೂಟರಿನ ಉತ್ತರದ ಪಕ್ಕದಲ್ಲಿಟ್ಟು ಎರಡೂ ಒಂದೇ ಹೌದೋ ಅಲ್ಲವೋ ಎಂದು ನೋಡುವುದು. ಲೆಕ್ಕ ನನಗೆ ಪೂರ್ತಿ ಹೊಸದೇನೂ ಆಗಿರಲಿಲ್ಲ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಓರೆಯಾಗಿ ನಡೆದರೆ ಬಡಗಲಿಗೆ ಎಷ್ಟು ಹೋದೆವು, ಮೂಡಲಿಗೆ ಎಷ್ಟು ಹೋದೆವು ಎಂದು ಹೇಳುವ ಲೆಕ್ಕ. ನಮ್ಮ ಸರ್ವೆಯರ್ ಪ್ರಭುಸ್ವಾಮಿಯವರ ಚೀಲದಲ್ಲಿ ಅದಕ್ಕೊಂದು ಕೋಷ್ಟಕದ ಪುಸ್ತಕವಿತ್ತು. ಇವಳ ಯಂತ್ರದಲ್ಲೂ ಅಂಥದೇ ಒಂದು ಕೋಷ್ಟಕ. ಸೊನ್ನೆ ಡಿಗ್ರಿಯಿಂದ ತೊಂಬತ್ತರವರೆಗೆ ಡಿಗ್ರಿಗೊಂದು ಅಂಕಿ. ಕಂಪನಿ ಕೊಟ್ಟ ಹಾಳೆ ನೋಡಿಕೊಂಡು ಅವಳೇ ಕೈಯಾರೆ ತುಂಬಿದ್ದಳು. ಎರಡು ಡಿಗ್ರಿಗಳ ನಡುವಿನದನ್ನು ಯಂತ್ರ ಪಾಲು ಹಾಕಿ ಊಹಿಸಿಕೊಳ್ಳುತ್ತದೆ. ಯಂತ್ರ ಸಣ್ಣದು, ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲವಂತೆ.

ಮಂಗಳವಾರ, ಬುಧವಾರ, ಗುರುವಾರ ಕೋಣೆಯಿಂದ ಅವಳು ಊಟಕ್ಕೆ ಮಾತ್ರ ಹೊರಗೆ ಬಂದಳು. ಅವಳ ತಾಯಿ ಅಜ್ಮತುನ್ನೀಸಾ ಬಾಗಿಲ ಬಳಿ ತಟ್ಟೆ ಹಿಡಿದು, "ಆ ಕೆಂಪು ಗೆರೆನೇ ತಿನ್ನು, ಅನ್ನ ಯಾಕೆ?" ಎಂದು ಬಯ್ಯುವುದು ಗೋಡೆಯಾಚೆಗೂ ಕೇಳುತ್ತಿತ್ತು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಗಯಾಸುದ್ದೀನ್ ಬರುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಶಾವಿಗೆ ಪಾಯಸದ ಪಾತ್ರೆ ಬಂದಿತ್ತು.

"ಚಲುವಣ್ಣ, ತಗೊಳ್ಳಿ" ಎಂದು ಅಜ್ಮತುನ್ನೀಸಾ ನನ್ನ ಕೈಗೊಂದು ಲೋಟ ಕೊಟ್ಟಳು. "ಎಲ್ಲಾ ಹಸಿರಾಯ್ತಂತೆ. ಮೂರು ದಿನದಿಂದ ನಮ್ಮನೇಲಿ ಯಾರೋ ಸತ್ತಂಗಿತ್ತು."

ಇಕ್ರಾ ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಬಂದು ತೋರಿಸಿದಳು. ಮೇಲಿಂದ ಕೆಳಗಿನವರೆಗೆ ಭತ್ತದ ಸಸಿ ಮಡಿಯಂತೆ ಹಸಿರು. ಕಂಪನಿಯ ಮೇಲಿನವರಾದ ಸುಕನ್ಯ ಮೇಡಂಗೆ ಎಲ್ಲಾ ಪಾಸಾಯಿತೆಂದು ಆಗಲೇ ಮೆಸೇಜು ಕಳಿಸಿದ್ದಳು.

"ಹೆಂಗಾಯ್ತು?" ಎಂದೆ.

"ಸರಿಸಮ ಬರಬೇಕು ಅನ್ನೋದು ಬಿಟ್ಟೆ ತಾತ. ಹತ್ತಿರ ಬಂದ್ರೆ ಸಾಕು ಅಂತ ಮಾಡಿದೆ. ಎಲ್ಲರೂ ಹಂಗೇ ಮಾಡೋದು."

"ಎಷ್ಟು ಹತ್ರ?"

"ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಒಂದು ಇಟ್ಟೆ, ಕೆಲವು ಕೆಂಪು ಉಳೀತು. ಸೊನ್ನೆ ಪಾಯಿಂಟ್ ಸೊನ್ನೆ ಒಂದು ಇಟ್ಟೆ, ಎಲ್ಲಾ ಹೋಯ್ತು."

ಆ ಸೊನ್ನೆಗಳು ನನಗೆ ತಿಳಿಯಲಿಲ್ಲ. "ಹತ್ತು ಸರಪಳಿ ನಡದ್ರೆ ಅದು ಎಷ್ಟಾಯ್ತದೆ, ಅಡೀಲಿ ಹೇಳವ್ವ" ಎಂದೆ.

ಅವಳು ಬೆರಳಲ್ಲೇ ಲೆಕ್ಕ ಹಾಕಿದಳು. "ಮುನ್ನೂರ ಮೂವತ್ತು ಅಡಿಗೆ... ಮೂರಡಿ ಮೂರಿಂಚು. ಸ್ವಲ್ಪ ಮೇಲೆ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಕೊಟ್ಟಿಗೆಯ ಮುಂದೆ ಎರಡು ಇಟ್ಟಿಗೆ ಬಿದ್ದಿದ್ದವು. ಒಂದನ್ನು ಗೋಡೆಯ ಪಕ್ಕ ಇಟ್ಟೆ. ಗಯಾಸುದ್ದೀನನ ಅಳತೆ ಪಟ್ಟಿ ಎಳೆದು ಮೂರಡಿ ಮೂರಿಂಚಿಗೆ ಇನ್ನೊಂದನ್ನು ಇಟ್ಟೆ. ಎರಡರ ನಡುವೆ ಜಾಗ ನೋಡಿದರೆ ಒಂದು ಆಡು ಮರಿಯನ್ನು ಪಕ್ಕಕ್ಕೆ ಹಾಕಿಕೊಂಡು ಮಲಗಬಹುದಾಗಿತ್ತು.

"ಇಷ್ಟು ತಪ್ಪಿದ್ರೂ ನಿನ್ನ ಯಂತ್ರ ಹಸಿರು ಅಂತದಾ?"

ಅವಳ ಮುಖ ಸಣ್ಣದಾಯಿತು. "ಅದು ಅಷ್ಟೊಂದು ತಪ್ಪೋದಿಲ್ಲ ತಾತ. ತಪ್ಪಿದ್ರೂ ಬಿಡುತ್ತೆ ಅಂತ ಅಷ್ಟೇ."

"ಅದೇ ನಾನೂ ಕೇಳಿದ್ದು."

ಮೂರಡಿಯ ಆ ಅಗಲ ನನಗೆ ಗುರುತಿನದು. ನಲವತ್ತೈದು ವರ್ಷದಿಂದ ಯಾರಿಗೂ ಹೇಳದ ಮಾತನ್ನು ಅವತ್ತು ಇಟ್ಟಿಗೆಗಳನ್ನು ನೋಡುತ್ತಾ ಅವಳಿಗೆ ಹೇಳಿದೆ.

ಮಿರ್ಲೆ ಕಡೆಯ ಒಂದು ಹಳ್ಳಿಯಲ್ಲಿ ಕುಳ್ಳಮ್ಮ ಎಂಬ ಹೆಂಗಸಿನ ಹೊಲ ಅಳೆಯುತ್ತಿದ್ದೆವು. ಅವತ್ತು ಪ್ರಭುಸ್ವಾಮಿಯವರು ರಜೆ, ಬದಲಿಗೆ ಹೊಸಬರೊಬ್ಬರು ಬಂದಿದ್ದರು. ಅಳತೆಯ ಕ್ರಮವೆಂದರೆ ಒಂದು ಕಲ್ಲಿನಿಂದ ಹೊರಟು ಹೊಲ ಸುತ್ತಿ ಬಂದು, ಕಾಗದದ ಮೇಲೆ ಅದೇ ಕಲ್ಲಿಗೆ ಸೇರಬೇಕು. ಕೂದಲೆಳೆಯಷ್ಟೂ ತಪ್ಪದೆ ಯಾವತ್ತೂ ಸೇರುವುದಿಲ್ಲ. ಬಿಸಿಲಿಗೆ ಸರಪಳಿ ಬೆಳೆಯುತ್ತದೆ, ಹಳ್ಳದಲ್ಲಿ ಜೋಲುತ್ತದೆ. ಆ ಹೊಲಕ್ಕೆ ಅರ್ಧ ಆಣೆ ಹೆಚ್ಚುಕಮ್ಮಿಯಾದರೆ ಸರಿ ಎನ್ನಬಹುದಿತ್ತು. ಅವತ್ತು ಬಂದದ್ದು ಆರಾಣೆ, ಹನ್ನೆರಡು ಅಡಿಯ ಮೇಲೆ. ಹೊಸಬರು ಗಡಿಯಾರ ನೋಡಿಕೊಂಡರು. ಕೆ.ಆರ್. ನಗರದ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. "ಬಿಡಪ್ಪ, ಸರಪಳಿ ಹಳೇದು, ಇಷ್ಟಾಗುತ್ತೆ" ಎಂದು ಆ ಆರಾಣೆಯನ್ನು ನಾಲ್ಕು ಬದಿಗೂ ಒಂದೂವರೆ ಆಣೆಯಂತೆ ಹಂಚಿಬಿಟ್ಟರು. ಕಾಗದ ಕೂಡಿಕೊಂಡಿತು. ಒಂದೂವರೆ ಆಣೆಯೆಂದರೆ ಮೂರಡಿ. ಕುಳ್ಳಮ್ಮನ ಬಾವಿಯ ಕಡೆಯ ಬದು ಮೂರಡಿ ಒಳಗೆ ಬಂತು, ಬಾವಿಯ ಅರ್ಧ ಕಟ್ಟೆ ಪಕ್ಕದವರ ಪಾಲಾಯಿತು.

"ಸರಪಳಿ ಹಳೇದಾಗಿತ್ತು, ನಿಮ್ಮದೇನು ತಪ್ಪು ತಾತ?" ಎಂದಳು ಇಕ್ರಾ.

"ಸರಪಳಿದಲ್ಲ ಕಣವ್ವ. ಸರಪಳಿಗೆ ಯಾವ ತುದಿಯಿಂದ ನೋಡಿದ್ರೂ ಆಣೆ ಗುರುತಿನ ಹಿತ್ತಾಳೆ ಬಿಲ್ಲೆ ಒಂದೇ ಥರ. ಐದಾಣೆ ತಾವು ನಿಂತಿತ್ತು ನೆಲಕ್ಕೆ ಚುಚ್ಚಿದ ಕಡ್ಡಿ. ನಾನು ಆ ಕಡೆ ತುದಿಯಿಂದ ಎಣಿಸಿ ಹನ್ನೊಂದು ಅಂತ ಕೂಗ್ದೆ. ಬಸ್ಸಲ್ಲಿ ಕೂತ ಮ್ಯಾಲೆ ತಿಳೀತು. ಐದಕ್ಕೂ ಹನ್ನೊಂದಕ್ಕೂ ಆರಾಣೆ ಫರಕು."

"ಹೇಳ್ಬಹುದಿತ್ತಲ್ವಾ?"

"ಎಲ್ಲಾರು ಸರಿಯಾಯ್ತು ಅಂದ್ಬುಟ್ಟಿದ್ರು. ನನಗೆ ಕೆಲಸ ಸೇರಿ ಮೂರೇ ವರ್ಷ. ಮನೇಲಿ ಹೆಂಡ್ತಿ ಚಿಕ್ಕಸಿದ್ದಮ್ಮ ಬಸುರಿ. ನಾಳೆ ಹೇಳನ, ನಾಳೆ ಹೇಳನ ಅಂತಲೇ ಹೋಯ್ತು."

ವರ್ಷ ಕಳೆದ ಮೇಲೆ ಒಮ್ಮೆ ಅದೇ ದಾರಿಯಲ್ಲಿ ಹೋಗುವಾಗ ಕುಳ್ಳಮ್ಮ ಸಿಕ್ಕಿದ್ದಳು. ಬಿಂದಿಗೆ ಹಿಡಿದು ಪಕ್ಕದ ಹೊಲದವರನ್ನು ಕೇಳಿ ಅದೇ ಬಾವಿಯ ನೀರು ಸೇದಿಕೊಂಡು ಬರುತ್ತಿದ್ದಳು. ಬಾವಿ ವಿಷಯ ತೆಗೆದೆ. ಅವಳು ಬಯ್ಯಲಿಲ್ಲ. "ಸರ್ಕಾರದ ಸರಪಳಿ ಸುಳ್ಳಾಡದಾ ಮಗಾ, ನಾವೇ ಎಲ್ಲೋ ಒತ್ತುವರಿ ಮಾಡಿದ್ದೋ ಏನೋ" ಎಂದು ನನಗೂ ಒಂದು ಚೊಂಬು ನೀರು ಕೊಟ್ಟಳು. ಆ ನೀರನ್ನು ನಾನು ಕುಡಿದೆ.

ಇಷ್ಟನ್ನು ಕೇಳಿ ಇಕ್ರಾಳಿಗೆ ಸಿಟ್ಟು ಬಂತು. "ನಾನೇನು ಯಾರದ್ದೂ ಹೊಲ ಅಳೀತಿಲ್ವಲ್ಲ ತಾತ. ಇದು ಬರೀ ಪರೀಕ್ಷೆ. ನಾಳೆ ಒಪ್ಪಿಸ್ಬೇಕು. ಮೇಡಂಗೆ ಹೇಳಿಯೂ ಆಯ್ತು." ಲ್ಯಾಪ್‌ಟಾಪ್ ಮಡಚಿಕೊಂಡು ಒಳಗೆ ಹೋದಳು. ಪಾಯಸ ಮುಟ್ಟಿರಲಿಲ್ಲ.

"ನೀವೂ ಒಳ್ಳೇ ದಿನ ನೋಡಿದ್ರಿ ಚಲುವಣ್ಣ" ಎಂದಳು ಅಜ್ಮತುನ್ನೀಸಾ. ಗಯಾಸುದ್ದೀನ್ ಇಟ್ಟಿಗೆಗಳನ್ನು ತೆಗೆಯದೆ, ಅವುಗಳ ನಡುವೆ ಕಾಲಿಟ್ಟು ದಾಟಿ ಹೋದ.

ಶನಿವಾರ ಬೆಳಿಗ್ಗೆ ನಾನು ಹೋಗುವ ಮುಂಚೆಯೇ ಅವಳು ಹಲಗೆಗಳ ಮೇಲೆ ಕೂತಿದ್ದಳು.

"ಪ್ರಭುಸ್ವಾಮಿಯವರು ಎಷ್ಟು ಬಿಡ್ತಿದ್ರು, ಹೇಳಿ."

"ಅವರು ಅದನ್ನ ಮಾಫಿ ಅಂತಿದ್ರು. ಇಷ್ಟೇ ಅಂತ ಒಂದೇ ಲೆಕ್ಕ ಇರ್ಲಿಲ್ಲ. ಉದ್ದಕ್ಕೆ ತಕ್ಕಂಗೆ ಮಾಫಿ. ನೂರು ಸರಪಳಿ ನಡೆದವನಿಗೆ ಬುಡೋದನ್ನ ಎರಡು ಸರಪಳಿ ನಡೆದವನಿಗೆ ಬುಟ್ರೆ ಹೊಲಾನೇ ಹೋಯ್ತದೆ ಅನ್ನೋರು. ಇನ್ನೊಂದು, ಹೊಲಕ್ಕೆ ಕಾಲಿಡೋಕೆ ಮುಂಚೆ ಪುಸ್ತಕದ ಮೊದಲನೇ ಹಾಳೇಲಿ ಬರೆದಿಡೋರು. ಇವತ್ತಿನ ಸರಪಳಿ ಇಂತಾದ್ದು, ಬಿಸಿಲು ಇಷ್ಟು, ಇದಕ್ಕೆ ಇಷ್ಟು ಮಾಫಿ ಅಂತ. ಅಳೆದ ಮ್ಯಾಲೆ ಬರೆದ್ರೆ ಅದು ಮಾಫಿ ಅಲ್ಲ ಕಣ್ಲಾ, ತಪ್ಪು ಮುಚ್ಚೋ ಮುಚ್ಚಾಟ ಅನ್ನೋರು."

"ಮಾಫಿ ಮೀರಿದ್ರೆ?"

"ಮತ್ತೆ ನಡೆಯೋದು. ಬಸ್ಸು ಹೋದ್ರೂ ಸೈ."

ಅವಳು ಒಂದು ಕಾಗದ ಪೆನ್ಸಿಲು ತಂದು ಅಲ್ಲೇ ಲೆಕ್ಕ ಹಾಕತೊಡಗಿದಳು. ಎರಡು ಡಿಗ್ರಿ ನಡುವೆ ಯಂತ್ರ ಪಾಲು ಹಾಕಿ ಊಹಿಸುತ್ತದಲ್ಲ, ಆ ಊಹೆ ಹೆಚ್ಚೆಂದರೆ ಎಷ್ಟು ತಪ್ಪಬಹುದು ಎಂದು. ಅರ್ಧ ಗಂಟೆಯ ಮೇಲೆ ತಲೆಯೆತ್ತಿದಳು. "ತಾತ, ಹತ್ತು ಸರಪಳಿಗೆ ಒಂದು ಅಕ್ಕಿ ಕಾಳಿನುದ್ದ. ಅದಕ್ಕಿಂತ ಜಾಸ್ತಿ ತಪ್ಪೋಕೆ ಕಾರಣಾನೇ ಇಲ್ಲ."

"ಅದನ್ನ ಮೊದಲನೇ ಹಾಳೇಲಿ ಬರಿ" ಎಂದೆ.

ಬರೆದು, ಪರೀಕ್ಷೆ ಓಡಿಸಿದಳು. ಹಸಿರಿನ ನಡುವೆ ಎರಡು ಕಡೆ ಕೆಂಪು ಬಂತು.

ಮೊದಲನೆಯದು ತೊಂಬತ್ತು ಡಿಗ್ರಿಯ ಹತ್ತಿರ. ಡಿಗ್ರಿಯ ಹತ್ತನೇ ಒಂದರಂತೆ ಒಂಬೈನೂರು ಸಲ ತಿರುಗಿ ತೊಂಬತ್ತಕ್ಕೆ, ಎಂದರೆ ನೇರ ಮೂಡಲಿಗೆ ಬಂದರೆ, ಬಡಗಲಿಗೆ ಹೋದದ್ದು ಸೊನ್ನೆ ಬರಬೇಕು. ಕಣ್ಣಿಗೆ ಕಾಣದಷ್ಟು ಏನೋ ಬಂದಿತ್ತು.

"ಉತ್ತರಕ್ಕೆ ತಕ್ಕಂಗೆ ಮಾಫಿ ಅಂತ ಮಾಡಿದ್ದೆ ತಾತ. ಸೊನ್ನೆಗೆ ತಕ್ಕ ಮಾಫಿ ಸೊನ್ನೆನೇ ಆಗೋಯ್ತು. ಅದಕ್ಕೆ ಕೆಂಪು. ಇದು ನಿಜವಾದ ತಪ್ಪಲ್ಲ."

ಇಂಥದ್ದನ್ನು ನಾವು ಊರೊಳಗಿನ ತುಂಡು ಜಾಗಗಳಲ್ಲಿ ಕಂಡಿದ್ದೆವು. ಅಂಗೈಯಗಲದ ಜಾಗಕ್ಕೆ ಉದ್ದದ ಲೆಕ್ಕದಲ್ಲಿ ಮಾಫಿ ಕೊಟ್ಟರೆ ಏನೂ ಉಳಿಯುತ್ತಿರಲಿಲ್ಲ. "ಅಂತಾ ಕಡೆ ಪ್ರಭುಸ್ವಾಮಿಯವರು ಕಡ್ಡಿ ದಪ್ಪ ಬುಡೋರು" ಎಂದೆ. "ನೆಲಕ್ಕೆ ಚುಚ್ಚೋ ಕಬ್ಬಿಣದ ಕಡ್ಡೀಗೇ ಒಂದು ದಪ್ಪ ಅದಲ್ಲ, ಅದಕ್ಕಿಂತ ಸಣ್ಣದ್ನ ಅಳೀತೀನಿ ಅಂದ್ರೆ ಆಯ್ತದಾ? ಎಷ್ಟೇ ಸಣ್ಣ ಜಾಗ ಆದ್ರೂ ಕಡ್ಡಿ ದಪ್ಪದಷ್ಟು ಮಾಫಿ ಇದ್ದೇ ಇರ್ಬೇಕು."

"ಎರಡನ್ನೂ ಇಟ್ಕೊಂಡು, ಯಾವುದು ದೊಡ್ಡದೋ ಅದನ್ನ ಬಿಡೋದು" ಎಂದಳು ಅವಳು, ನನಗಲ್ಲ, ತನಗೇ ಹೇಳಿಕೊಂಡಂತೆ. ಏನೋ ಒತ್ತಿದಳು. ತೊಂಬತ್ತರ ಕೆಂಪು ಹಸಿರಾಯಿತು.

ಎರಡನೆಯ ಕೆಂಪು ಹಾಗೇ ಉಳಿಯಿತು. ಮೂವತ್ತೇಳು ಡಿಗ್ರಿಯ ಆಚೆ ಈಚೆ ಮೂರು ಸಾಲು, ಒಂದೇ ಕಡೆ ಗುಂಪಾಗಿ. ಅದರಲ್ಲೂ ನಡುವಿನದು ಅಕ್ಕಿ ಕಾಳಿನಷ್ಟಲ್ಲ, ಹತ್ತು ಸರಪಳಿಗೆ ಎರಡಡಿ ತಪ್ಪುತ್ತಿತ್ತು.

ಅವಳು ಆ ಮೂರು ಸಾಲಿನ ಡಿಗ್ರಿಗಳನ್ನು ಕಾಗದದ ಮೇಲೆ ಬರೆದುಕೊಂಡಳು. ಆಮೇಲೆ ಎದ್ದು ಹೋಗಿ ಕಂಪನಿಯ ಹಾಳೆ ತಂದಳು. ಬೆರಳಿಟ್ಟು ಓದುತ್ತಾ ಬಂದವಳು ಮೂವತ್ತೇಳಕ್ಕೆ ನಿಂತಳು. ಹಾಳೆಯಲ್ಲಿ ಆರು, ಸೊನ್ನೆ, ಒಂದು, ಎಂಟು ಎಂದಿತ್ತು. ಅವಳು ತುಂಬಿದ್ದು ಆರು, ಸೊನ್ನೆ, ಎಂಟು, ಒಂದು.

"ನಾನೇ" ಎಂದಳು. "ಕೈ ತಪ್ಪಿದೆ. ನಿನ್ನೆ ಮೂರಡಿ ಬಿಟ್ಟಿದ್ನಲ್ಲ, ಈ ಎರಡಡಿ ಅದರೊಳಗೇ ಕೂತಿತ್ತು."

ಅಂಕಿ ತಿದ್ದಲು ಒಂದು ನಿಮಿಷವೂ ಬೇಕಾಗಲಿಲ್ಲ. ಮತ್ತೆ ಓಡಿಸಿದಾಗ ಪೂರ್ತಿ ಹಸಿರು. ಹಾಗೆಂದು ಅವಳ ಮುಖ ಅರಳಲಿಲ್ಲ. ಸುಕನ್ಯ ಮೇಡಂಗೆ ನಿನ್ನೆ ಹೋದ ಮೆಸೇಜು ಇತ್ತಲ್ಲ.

"ಈಗ ಸರಿಯಾಯ್ತಲ್ಲ, ಕಳ್ಸಿಬಿಡು. ಯಾರಿಗೆ ಗೊತ್ತಾಗುತ್ತೆ?" ಎಂದಳು ಅಜ್ಮತುನ್ನೀಸಾ. ತಾಯಿ ಹೇಳಬೇಕಾದ ಮಾತನ್ನೇ ಹೇಳಿದಳು. ನನ್ನ ಚಿಕ್ಕಸಿದ್ದಮ್ಮನೂ ಅಂದು ನನಗೆ ಇದನ್ನೇ ಹೇಳುತ್ತಿದ್ದಳೋ ಏನೋ, ನಾನು ಅವಳನ್ನೂ ಕೇಳಿರಲಿಲ್ಲ.

ಇಕ್ರಾ ನನ್ನ ಕಡೆ ನೋಡಿದಳು. ಮೂರು ವರ್ಷದ ಕೆಲಸ ಉಳಿಸಿಕೊಳ್ಳಲು ಸುಮ್ಮನಿದ್ದವನು ಮೂರು ತಿಂಗಳ ಕೆಲಸದವಳಿಗೆ ಏನು ಹೇಳುವುದು?

ಅವಳು ಫೋನು ತೆಗೆದಳು. ಸ್ಪೀಕರಿಗೆ ಹಾಕಿ ಹಲಗೆಯ ಮೇಲಿಟ್ಟಳು.

"ಮೇಡಂ, ನಿನ್ನೆ ಎಲ್ಲಾ ಪಾಸ್ ಅಂತ ಕಳಿಸಿದ್ದೆ."

"ಹೌದು, ನೋಡಿದೆ ಇಕ್ರಾ."

"ಅದು ಪಾಸ್ ಆಗಿರಲಿಲ್ಲ ಮೇಡಂ. ನಾನು ಪಾಸ್ ಮಾಡಿಸಿದ್ದೆ."

ಇಕ್ರಾ ಎಲ್ಲವನ್ನೂ ಹೇಳಿದಳು. ಸೊನ್ನೆ ಪಾಯಿಂಟ್ ಸೊನ್ನೆ ಒಂದು ಇಟ್ಟಿದ್ದು, ಮೂವತ್ತೇಳರ ಅಂಕಿ ತಿರುಗುಮುರುಗಾಗಿದ್ದು, ಈಗ ತಿದ್ದಿದ್ದು.

"ಈಗ ಎಷ್ಟು ಬಿಟ್ಟಿದ್ದೀರಿ?"

ಹೇಳಿದಳು.

"ಈ ನಂಬರ್ ಎಲ್ಲಿಂದ ತಂದ್ರಿ? ಇದೂ ಹಸಿರು ಬರೋವರೆಗೆ ಜಗ್ಗಿದ್ದಾ?"

"ಇಲ್ಲ ಮೇಡಂ. ಪರೀಕ್ಷೆಗೆ ಮುಂಚೆ ಲೆಕ್ಕ ಹಾಕಿ ಬರೆದಿಟ್ಟಿದ್ದು. ಕಾಗದ ಇದೆ."

"ಆ ಕಾಗದದ ಫೋಟೋ ಕಳ್ಸಿ. ಮಂಗಳವಾರ ಯಂತ್ರ ತಗೊಂಡು ನಾನೇ ಹುಣಸೂರಿಗೆ ಬರ್ತೀನಿ. ಪರದೆ ಮೇಲೆ ಬೇಡ, ನೆಲದ ಮೇಲೆ ತೋರಿಸಿ. ಅಲ್ಲಿ ಸರಿ ಬರಲಿಲ್ಲ ಅಂದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ, ಈಗಲೇ ಹೇಳಿರ್ತೀನಿ."

ಫೋನು ಆರಿತು. "ಬೈದ್ರಾ, ಬೈಲಿಲ್ವಾ?" ಎಂದು ಅಜ್ಮತುನ್ನೀಸಾ ಗಂಡನನ್ನು ಕೇಳಿದಳು. "ನನಗೂ ತಿಳೀಲಿಲ್ಲ" ಎಂದ ಗಯಾಸುದ್ದೀನ್.

ಮಂಗಳವಾರ ಎಲ್ಲಿ ಅಳೆಯುವುದೆಂದು ನಾನೇ ಹೇಳಿದೆ. ಹಳೆಯ ಸರ್ವೆ ಕಚೇರಿಯ ಅಂಗಳದಲ್ಲಿ ನಮ್ಮ ಕಾಲದ ಎರಡು ಕಲ್ಲುಗಳಿವೆ. ಒಂದರಿಂದ ಒಂದಕ್ಕೆ ಸರಿಯಾಗಿ ಮೂವತ್ಮೂರು ಅಡಿ. ದಿನಾ ಬೆಳಿಗ್ಗೆ ಅಳತೆಗೆ ಹೊರಡುವ ಮುಂಚೆ ಸರಪಳಿಯನ್ನು ಆ ಕಲ್ಲುಗಳಿಗೆ ಹಿಡಿದು ನೋಡಬೇಕೆಂದು ಕಟ್ಟಳೆಯಿತ್ತು. ಒಂದು ಕಲ್ಲು ಬೇವಿನ ಮರದ ಬುಡದಲ್ಲಿ ಹಾಗೇ ಇತ್ತು. ಇನ್ನೊಂದರ ಮೇಲೆ ಯಾರೋ ಸ್ಕೂಟರ್ ನಿಲ್ಲಿಸಿದ್ದರು, ಅವರನ್ನು ಹುಡುಕಿ ತೆಗೆಸಬೇಕಾಯಿತು.

ಸುಕನ್ಯ ಮೇಡಂ ನಲವತ್ತರ ಹೆಂಗಸು. ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಂತ್ರವನ್ನು ಇಕ್ರಾಳ ಕೈಗೆ ಕೊಟ್ಟರು. "ಬೇವಿನ ಕಲ್ಲಿಂದ ಹೊರಡಿ. ಐದು ಮೂಲೆ ಮಾಡ್ಕೊಂಡು ಅದೇ ಕಲ್ಲಿಗೆ ಬನ್ನಿ. ಒಂದು ಬದಿ ಮೂವತ್ತೇಳು ಡಿಗ್ರೀಲೇ ಇರಲಿ."

ಹೊರಡುವ ಮುಂಚೆ ಇಕ್ರಾ ಒಂದು ಚೀಟಿಯಲ್ಲಿ ಏನೋ ಬರೆದು, ಮಡಚಿ, ನನ್ನ ಅಂಗಿಯ ಜೇಬಿಗಿಟ್ಟಳು. ಸುಕನ್ಯ ಮೇಡಂ ಅದನ್ನು ನೋಡಿದರು.

ಉದ್ದಕ್ಕೆ ಟೇಪು, ದಿಕ್ಕಿಗೆ ಯಂತ್ರ. ಆ ಎರಡು ಕಲ್ಲಿಗೆ ಹಿಡಿದು ನೋಡಿದ ಮೇಲೆ ಟೇಪಿನ ತುದಿ ನಾನು ಹಿಡಿದೆ. ಹನ್ನೆರಡು ವರ್ಷದ ಮೇಲೆ ಹಿಡಿದದ್ದು. ಮೊದಲ ಮೂಲೆಯಲ್ಲಿ ಅಂಕಿ ಕೂಗುವ ಮುಂಚೆ ನನ್ನ ಕೈಯಲ್ಲಿರುವುದು ಯಾವ ತುದಿಯೆಂದು ಎರಡು ಸಲ ನೋಡಿಕೊಂಡೆ. ಇಕ್ರಾ ಅದನ್ನು ಕಂಡು ಕಾದಳು. ಬೇವಿನ ಕಲ್ಲಿನಿಂದ ನಲ್ಲಿಗೆ, ನಲ್ಲಿಯಿಂದ ಕಾಂಪೌಂಡಿನ ಮೂಲೆಗೆ, ಅಲ್ಲಿಂದ ಹೊಂಗೆ ಮರಕ್ಕೆ, ಮೆಟ್ಟಿಲಿಗೆ, ಮತ್ತೆ ಬೇವಿನ ಕಲ್ಲಿಗೆ. ಸುತ್ತು ಮುಗಿಯುವಾಗ ನನ್ನ ಮಂಡಿ ಹಿಡಿದುಕೊಂಡಿತ್ತು. ಕಲ್ಲಿನ ಮೇಲೆಯೇ ಕೂತೆ.

ಯಂತ್ರ ಒಂದು ಕ್ಷಣ ತೆಗೆದುಕೊಂಡು ಅಂಕಿ ತೋರಿಸಿತು. ಹೊರಟ ಕಡೆಗೂ ಬಂದ ಕಡೆಗೂ ಮುಕ್ಕಾಲು ಇಂಚು.

"ತಾತ, ಚೀಟಿ" ಎಂದಳು ಇಕ್ರಾ.

ಕೊಟ್ಟೆ. ಸುಕನ್ಯ ಮೇಡಂ ಬಿಚ್ಚಿ ಓದಿದರು. "ಒಂದು ಇಂಚಿನೊಳಗೆ ಸೇರಬೇಕು. ಮಾಫಿಯಲ್ಲಿ ಟೇಪಿನದು ಮುಕ್ಕಾಲು ಪಾಲು, ಯಂತ್ರದ್ದು ಕಾಲು ಪಾಲು." ಚೀಟಿಯನ್ನು ಮತ್ತೆ ಮಡಚಿದರು. "ಮೊದಲೇ ಯಾಕೆ ಬರೆದಿಟ್ರಿ?"

"ಅಳೆದ ಮೇಲೆ ಬರೆದ್ರೆ ಮುಚ್ಚಾಟ ಮೇಡಂ" ಎಂದಳು. ಹೇಳಿ ನನ್ನ ಕಡೆ ನೋಡಿ ನಕ್ಕಳು.

ಸುಕನ್ಯ ಮೇಡಂ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರು. "ನಮ್ಮಲ್ಲಿ ಇನ್ನೂ ನಾಲ್ಕು ಜನ ಯಂತ್ರಕ್ಕೆ ಪರೀಕ್ಷೆ ಇಡ್ತಾರೆ. ಅವರದ್ದೆಲ್ಲಾ ಹಸಿರಾಗೇ ಇದೆ. ಎಷ್ಟೆಷ್ಟು ಬಿಟ್ಟಿದ್ದಾರೆ ಅಂತ ನಾನು ಇಲ್ಲೀತನಕ ಕೇಳಿರಲಿಲ್ಲ. ಇನ್ನು ಮೇಲೆ ಅದನ್ನ ನೀವು ಕೇಳಿ. ಕಾಯಂ ಆರ್ಡರ್ ಒಂದನೇ ತಾರೀಕಿಗೆ ಬರುತ್ತೆ" ಎಂದರು. ಯಂತ್ರವನ್ನು ಅವಳ ಬಳಿಯೇ ಬಿಟ್ಟು ಮೈಸೂರಿನ ಬಸ್ಸಿಗೆ ಹೊರಟರು.

ಮನೆಗೆ ಬರುವ ದಾರಿಯಲ್ಲಿ ಇಕ್ರಾ ನನ್ನ ಮಂಡಿಗಾಗಿ ನಿಧಾನ ನಡೆಯುತ್ತಿದ್ದಳು.

"ತಾತ, ಆ ಬಾವಿ ಈಗಲೂ ಇದೆಯಾ?"

"ಕಾಲುವೆ ನೀರು ಬಂದ ಮ್ಯಾಲೆ ಮುಚ್ಚೋಗದೆ. ಕುಳ್ಳಮ್ಮನೂ ಇಲ್ಲ. ಮೊಮ್ಮಗಳು ಪವಿತ್ರ ಅಂತ, ಅವಳೇ ಬೇಸಾಯ ನೋಡ್ಕತ್ತಾಳಂತೆ."

"ಹೊಲ ಇದೆಯಲ್ಲ. ಒಂದು ಸುತ್ತು ಹಾಕಿ ಬರೋಣ. ಯಂತ್ರಕ್ಕೂ ದೊಡ್ಡ ಜಾಗ ಬೇಕು."

"ಅಳೆದು ಏನ್ ಮಾಡ್ತೀಯವ್ವ, ಬದು ಎಲ್ಲಾ ಗಟ್ಟಿಯಾಗಿ ಕೂತುಬುಟ್ಟದೆ."

"ಬದು ಎಳೆಯೋಕಲ್ಲ ತಾತ. ನೀವು ಅವರಿಗೆ ಹೇಳೋದು ಇದೆಯಲ್ಲ, ಅದಕ್ಕೆ."

ಕೊಟ್ಟಿಗೆಯ ಮುಂದೆ ಬಂದಾಗ ಎರಡು ಇಟ್ಟಿಗೆಗಳು ಇನ್ನೂ ಇಟ್ಟಲ್ಲೇ ಇದ್ದವು. ನಾಲ್ಕು ದಿನದಿಂದ ಗಯಾಸುದ್ದೀನ್ ಅವುಗಳ ನಡುವೆ ನಡೆದಾಡುತ್ತಿದ್ದನೇ ಹೊರತು ತೆಗೆದಿರಲಿಲ್ಲ. ಬಗ್ಗಿ ಒಂದನ್ನು ನಾನು ಎತ್ತಿದೆ, ಇನ್ನೊಂದನ್ನು ಇಕ್ರಾ ಎತ್ತಿದಳು. ಗೋಡೆಗೆ ಒರಗಿಸಿಟ್ಟೆವು.

"ಮಿರ್ಲೆ ಕಡೆ ಬಸ್ಸು ಎಷ್ಟೊತ್ತಿಗೆ?" ಎಂದು ಗಯಾಸುದ್ದೀನನನ್ನು ಕೇಳಿದೆ.

"ಕೆ.ಆರ್. ನಗರಕ್ಕೆ ಹೋಗಿ ಬದಲಾಯಿಸ್ಬೇಕು" ಎಂದ ಅವನು. "ಬೆಳಿಗ್ಗೆ ಏಳಕ್ಕೆ ಹೊರಟ್ರೆ, ಕೊನೇ ಬಸ್ಸಿನ ಯೋಚನೆ ಇರಲ್ಲ."